ಮೂರು ತಿಂಗಳ ಗಡುವು

ಅಮ್ಮಾ,

ನೀನು ಕಣ್ಣುಮುಚ್ಚುವ ಮುನ್ನ ನನ್ನ ಹೆಸರಿಗೆ ಬರೆದಿಟ್ಟ ಮನೆಗೆ ಇವತ್ತು ಬೆಳಿಗ್ಗೆ ಹೋಗಿದ್ದೆ. ಯಾಕೆ ಬರೆದೆಯೆಂದು ನೀನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಲ್ಲಿ ಬಾಡಿಗೆಗಿರುವ ಟೈಲರ್ ಅಕ್ಕನಿಗೆ ಮನೆ ಖಾಲಿ ಮಾಡಲು ನೋಟಿಸ್ ಕೊಟ್ಟೆ. ಇನ್ನು ಮುಂದೆ ನಾನೇ ಅಲ್ಲಿ ವಾಸ ಮಾಡುತ್ತೇನೆಂದು ಅದರಲ್ಲಿ ಬರೆದಿದ್ದೆ.

ಅವರು ಹೊಲಿಗೆ ನಿಲ್ಲಿಸಿ, ಕನ್ನಡಕ ಏರಿಸಿಕೊಂಡು ಎರಡೆರಡು ಸಲ ಓದಿದರು.

“ಕರಾರಿನಲ್ಲಿ ಮೂರು ತಿಂಗಳು ಅಂತಿದೆಯಲ್ಲಮ್ಮ. ನನ್ನ ಗಿರಾಕಿಗಳೆಲ್ಲ ಈ ಬೀದಿಯವರೇ. ಇಲ್ಲೇ ಹತ್ತಿರ ಮನೆ ಹುಡುಕೋಕೆ ಅಷ್ಟಾದ್ರೂ ಬೇಕು.”

“ಒಂದು ತಿಂಗಳಲ್ಲಿ ಆಗಲ್ವಾ ಅಕ್ಕಾ?” ಎಂದೆ.

ಅವರು ತಲೆಯೆತ್ತಿ ನೋಡಿದರು. ಆ ಸೆಕೆಯಲ್ಲೂ ನಾನು ಮಣಿಕಟ್ಟು ಮುಚ್ಚುವಷ್ಟು ಉದ್ದ ತೋಳಿನ ಅಂಗಿ ತೊಟ್ಟಿದ್ದೆ. ಬಟ್ಟೆ ಹೊಲಿಯುವವರ ಕಣ್ಣು ಅಲ್ಲೇ ನಿಂತಿತು.

“ಯಜಮಾನ್ರೂ ಬರ್ತಾರಾ?”

“ಇಲ್ಲ, ನಾನೊಬ್ಬಳೇ. ಅವರ ಜೊತೆ ಇರೋಕಾಗಲ್ಲ.”

ಈ ಮಾತನ್ನು ನಾನು ಬಾಯಿಬಿಟ್ಟು ಆಡಿದ್ದು ಇದು ಎರಡನೇ ಸಲ. ಮೊದಲ ಸಲ, ನೀನಿನ್ನೂ ಆ ಮನೆಯಲ್ಲಿದ್ದಾಗ, ಅದೇ ಕೋಣೆಯಲ್ಲಿ ನಿನ್ನ ಮುಂದೆ ಆಡಿದ್ದೆ. ಅವತ್ತು ನೀನು ನನಗೆ ಹೊಟ್ಟೆತುಂಬ ಊಟ ಹಾಕಿ, ಸಂಜೆಯ ಬಸ್ಸು ಹತ್ತಿಸಿ, ತಲುಪಿದ ಮೇಲೆ ಫೋನ್ ಮಾಡು ಅಂದಿದ್ದೆ.

ಅಕ್ಕ ನೋಟಿಸನ್ನು ಮಡಚಿ ಮಷಿನ್ನಿನ ಮೇಲಿಟ್ಟರು.

“ಮೂರು ತಿಂಗಳು ನಂಗೆ ಬೇಕೇ ಬೇಕು, ಅದರಲ್ಲಿ ಒಂದು ದಿನಾನೂ ಬಿಡಲ್ಲ,” ಎಂದರು. “ಆದ್ರೆ ನೀನು ಅಲ್ಲಿವರೆಗೆ ಯಾಕೆ ಕಾಯ್ತೀಯ?”

ಎದ್ದು, ಮಷಿನ್ನನ್ನು ಗೋಡೆಗೆ ಒತ್ತರಿಸಿದರು. ಕುತ್ತಿಗೆಯಲ್ಲಿದ್ದ ಟೇಪು ತೆಗೆದು, ಹಾಸಿಗೆಗೆ ಜಾಗವಾಗುತ್ತದೆಯೇ ಎಂದು ನೆಲ ಅಳೆಯತೊಡಗಿದರು.

ನಾನು ಟೇಪಿನ ಇನ್ನೊಂದು ತುದಿ ಹಿಡಿದುಕೊಂಡೆ, ಅಮ್ಮಾ.