ಕೆಂಪು ಪಟ್ಟಿ ಕಟ್ಟಿದ ಬಂಡೆ

ನಂಜನಗೂಡು
೭ ಮೇ ೨೦೨೫

ಮೊಂಡಿ ಸುಚೇತಾ,

ಫೋನ್ ಮಾಡಿದರೆ ಎತ್ತುವುದಿಲ್ಲ, ಮೆಸೇಜು ಓದಿ ಸುಮ್ಮನಾಗುತ್ತೀಯ. ಅದಕ್ಕೇ ಕಾಗದ. ನಿನ್ನ ನರಸೀಪುರದ ಕಾಲೇಜಿನ ವಿಳಾಸಕ್ಕೇ ಹಾಕುತ್ತೇನೆ; ಸ್ಟಾಫ್ ರೂಮಿನಲ್ಲಿ ಎಲ್ಲರ ಎದುರು ಕೈಗೆ ಬಂದರೆ ಹರಿದು ಬಿಸಾಕುವುದಕ್ಕಂತೂ ಆಗುವುದಿಲ್ಲ. ನಾನು ಚೆನ್ನಾಗಿದ್ದೇನೆ. ಕಾಲಿನ ಪ್ಲಾಸ್ಟರು ಬಿಚ್ಚಿಯಾಯಿತು. ಸ್ಕೂಲಿಗೂ ಹೋಗುತ್ತಿದ್ದೇನೆ, ಪಿ.ಟಿ. ಪಿರಿಯಡ್ಡಿನಲ್ಲಿ ಮೊದಲಿನ ಹಾಗೇ ಸೀಟಿ ಊದಿ ಎಲ್ಲರ ಕಿವಿ ತೂತು ಮಾಡುತ್ತೇನೆ. ಅವ್ವನ ಕೈಲಿ ಬೈಸಿಕೊಳ್ಳುವುದೂ ನಡೆದಿದೆ.

ಹೋದ ಭಾನುವಾರ ತಮ್ಮ ಸಿದ್ದುವಿನ ಬೈಕಿನಲ್ಲಿ ಬಿಳಿಗೆರೆಯಾಚೆ ನಮ್ಮ ಕಮರಿಗೆ ಹೋಗಿದ್ದೆ. ಹಳ್ಳ ಬತ್ತಿದೆ, ಆದರೂ ಎರಡು ಬಂಡೆಗೋಡೆಗಳ ನಡುವೆ ತಣ್ಣಗಿತ್ತು. ಚಳಿಗಾಲ ಪೂರ್ತಿ ನಾವಿಬ್ಬರೂ ಬಂಡೆ ಹತ್ತುವ ಹೊಸ ದಾರಿಗೆಂದು ಡ್ರಿಲ್ ಹೊತ್ತು, ಹಗ್ಗದಲ್ಲಿ ನೇತಾಡಿಕೊಂಡು ಕೊರೆದು ಹಾಕಿದ ಬೋಲ್ಟುಗಳು ಹಾಗೇ ಹೊಳೆಯುತ್ತಿವೆ. ಮೊದಲನೆಯದಕ್ಕೆ ನೀನು ಕಟ್ಟಿದ ಕೆಂಪು ಪಟ್ಟಿಯೂ ಇದೆ. ದಾರಿ ಮಾಡಿದವರು ಹತ್ತುವ ತನಕ ಬೇರೆ ಯಾರೂ ಹತ್ತಬಾರದು ಅಂತ ತಾನೇ ಕಟ್ಟಿದ್ದು? ಆದರೆ ಲೇ, ಅದರ ಮೇಲೆ ಕುಂಕುಮ! ಪಕ್ಕದಲ್ಲಿ ಹಸಿರು ಬಳೆ, ಬುಡದಲ್ಲಿ ಒಡೆದ ತೆಂಗಿನಕಾಯಿ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಆಡು ಮೇಯಿಸುವ ಮಾದಮ್ಮ ಅಲ್ಲೇ ಇದ್ದಳು. ಇದೇನಮ್ಮ ಅಂತ ಕೇಳಿದ್ದಕ್ಕೆ, ‘ಇನ್ನೇನವ್ವ, ನೀವಿಬ್ರು ಅಂಗೆ ಬೆವರು ಸುರ್ಸಿ ಮೊಳೆ ಒಡ್ದು ಕೆಂಪು ಬಟ್ಟೆ ಕಟ್ಟಿದ್ರಲ್ಲ, ಅರಕೆ ಅಲ್ವಾ? ನೀ ಬಿದ್ದ ಮ್ಯಾಕೆ ಅರ್ಧಕ್ಕೆ ನಿಂತೋಯ್ತಲ್ಲ ಅಂತ ನಾನೇ ಕಾಯಿ ಒಡ್ದೆ’ ಅಂದಳು. ಬೌದ್ಧರ ಮನೆಯ ಹುಡುಗಿ ನಾನು, ನನ್ನ ಹೆಸರಿನಲ್ಲಿ ಹರಕೆ ನೋಡು.

ಅಷ್ಟಕ್ಕೇ ಮುಗಿಯಲಿಲ್ಲ. ಮೈಸೂರಿನಿಂದ ಬಂಡೆ ಹತ್ತುವವರ ಒಂದು ಗುಂಪು ಬಂದು, ತಿಂಗಳುಗಟ್ಟಲೆ ಯಾರೂ ಈ ಕಡೆ ತಲೆ ಹಾಕಿಲ್ಲವಲ್ಲ ಅಂತ ಪಟ್ಟಿ ಬಿಚ್ಚಲು ಹೋಗಿದೆ. ಮಾದಮ್ಮ ಕೋಲು ಹಿಡಿದು ಅಡ್ಡ ನಿಂತು, ‘ಮುಟ್ಬ್ಯಾಡಿ ಕಣ್ರಪ್ಪಾ, ಅದು ಇಬ್ರು ಎಣ್ಮಕ್ಳ ಅರಕೆ, ಅವ್ರೇ ಬಂದು ತೀರುಸ್ಬೇಕು’ ಅಂತ ಓಡಿಸಿದ್ದಾಳೆ. ಅವರಲ್ಲಿ ರಾಹುಲ್ ಅನ್ನುವವನು ಆಮೇಲೆ ನನಗೆ ಫೋನ್ ಮಾಡಿ ಮರ್ಯಾದೆಯಿಂದಲೇ ಕೇಳಿದ: ‘ಅಕ್ಕಾ, ನೀವು ಹತ್ತಲ್ಲ ಅಂದ್ರೆ ಹೇಳ್ಬಿಡಿ, ನಾವು ಹತ್ಕೋತೀವಿ.’ ಮಳೆ ಹಿಡಿಯುವ ಮೊದಲು ನಾವೇ ಹತ್ತುತ್ತೇವೆ ಅಂದುಬಿಟ್ಟೆ. ನಿನ್ನನ್ನು ಕೇಳಲೇ ಇಲ್ಲ.

ಮೊನ್ನೆ ಬಸ್ಸಿನಲ್ಲಿ ನಿಮ್ಮಮ್ಮ ಬಂದು ನನ್ನ ಪಕ್ಕದಲ್ಲೇ ಕೂತರು. ನಿನ್ನ ರೂಮಿನಲ್ಲಿ ಒಂದು ವಾರ ಇದ್ದು ವಾಪಸು ಬರುತ್ತಿದ್ದರಂತೆ. ಜಾನಕಮ್ಮನವರ ಬಾಯಲ್ಲಿ ಗುಟ್ಟು ನಿಲ್ಲುತ್ತದೆಯೇ? ನೀನು ಹಗ್ಗ, ಶೂ ಎಲ್ಲ ಮೂಟೆ ಕಟ್ಟಿ ಅಟ್ಟಕ್ಕೆ ಹಾಕಿದ್ದೀಯಂತೆ. ನಿದ್ದೆಯಲ್ಲಿ ಹೊದಿಕೆಯನ್ನು ಬಿಗಿಯಾಗಿ ಹಿಡಿದು, ‘ಹಿಡ್ಕೊಂಡಿದೀನಿ ಕಣೇ, ಹಿಡ್ಕೊಂಡಿದೀನಿ’ ಅಂತೀಯಂತೆ. ನನ್ನ ಸ್ಟಾಪು ಬಂದರೂ ಏಳದೆ, ಅವರು ಇಳಿದ ಮೇಲೆ ಮುಂದಿನದರಲ್ಲಿ ಇಳಿದೆ.

ಆಸ್ಪತ್ರೆಗೆ ಒಂದು ಸಲ ಬಂದವಳು ಮತ್ತೆ ಮುಖ ತೋರಿಸಲಿಲ್ಲವಲ್ಲ ಅಂತ ನಿನ್ನ ಮೇಲೆ ಕೆಂಡದಂಥ ಸಿಟ್ಟಿತ್ತು. ಅವತ್ತು ಇಳಿದುಹೋಯಿತು. ಹೌದು ಕಣೇ, ಹಿಡಿದಿದ್ದೆ ನೀನು! ಮೇಲಿನ ಬೋಲ್ಟಿಗೆ ಸಿಕ್ಕಿಸಲು ನಾನು ಹಗ್ಗವನ್ನು ಉದ್ದಕ್ಕೆ ಎಳೆದುಕೊಂಡಿದ್ದೆ, ಅಷ್ಟರಲ್ಲಿ ಕೈ ಜಾರಿತು. ಎಳೆದುಕೊಂಡಷ್ಟೂ ಬೀಳಲೇಬೇಕು, ಕಾಲು ಚಾಚುಗಲ್ಲಿಗೆ ಬಡಿಯಿತು. ನನ್ನ ಭಾರಕ್ಕೆ, ಕೆಳಗೆ ಹಗ್ಗದ ಇನ್ನೊಂದು ತುದಿ ಹಿಡಿದಿದ್ದ ನೀನೂ ನೆಲ ಬಿಟ್ಟು ಮೇಲೆದ್ದು ಬಂಡೆಗೆ ಭುಜ ಬಡಿಸಿಕೊಂಡೆ, ಹಗ್ಗ ಮಾತ್ರ ಬಿಡಲಿಲ್ಲ. ನೀನು ಬಿಟ್ಟಿದ್ದರೆ ಇವತ್ತು ಈ ಕಾಗದ ಬರೆಯಲು ನಾನು ಇರುತ್ತಿರಲಿಲ್ಲ. ಇಷ್ಟು ಓದಿದವಳಿಗೆ ಇಷ್ಟು ತಿಳಿಯಬೇಡವಾ?

ಭಾನುವಾರ ಬೆಳಗಿನ ಬಸ್ಸಿಗೇ ಬಾ. ಮೂಟೆ ಬಿಚ್ಚಿ, ಶೂ ತಗೊಂಡು ಬಾ. ಅವ್ವ ಅಕ್ಕಿ ರೊಟ್ಟಿ ತಟ್ಟುತ್ತೇನೆ ಅಂದಿದ್ದಾಳೆ. ‘ಬರ್ನಿಲ್ಲ ಅಂದ್ರೆ ನರಸೀಪುರಕ್ಕೇ ಓಗಿ ಜುಟ್ಟು ಇಡ್ಕೊಂಡು ಎಳ್ಕೊಬತ್ತೀನಿ’ ಅಂತಲೂ ಅಂದಿದ್ದಾಳೆ. ನೀನಿಲ್ಲದೆ ನನಗೆ ಬೇಜಾರು ಕಣೇ ಸುಚೀ, ಬಹಳ ಬೇಜಾರು.

ನಿನ್ನ ದಾರಿ ಕಾಯುತ್ತಿರುವ ಬಜಾರಿ,
ರೋಜಾ

ತಾ.ಕ.: ಮೇಲೆ ಬರೆದದ್ದರಲ್ಲಿ ಒಂದನ್ನು ಮುಚ್ಚಿಟ್ಟಿದ್ದೇನೆ. ಸೀಟಿ ಊದುವುದು ನಿಜ, ಕುರ್ಚಿಯಲ್ಲಿ ಕೂತುಕೊಂಡು. ಬಲಗಾಲಿನ ಕೀಲು ಇನ್ನು ಬಗ್ಗುವುದಿಲ್ಲ, ಬಂಡೆಯ ಆಸೆ ಬಿಟ್ಟುಬಿಡಮ್ಮ ಅಂತ ಡಾಕ್ಟರು ಹೇಳಿಯಾಗಿದೆ. ನಾನು ಕುಂಟುವುದು ನಿಮ್ಮಮ್ಮನ ಕಣ್ಣಿಗೆ ಬೀಳಬಾರದು ಅಂತಲೇ ಬಸ್ಸಿನಲ್ಲಿ ಏಳಲಿಲ್ಲ. ಮೊದಲೇ ಬರೆದಿದ್ದರೆ ನೀನು ಮುಂದಕ್ಕೆ ಓದುತ್ತಿರಲಿಲ್ಲ. ಅಳುವಷ್ಟು ಅತ್ತಾಗಿದೆ, ನೀನು ಬಂದು ಮತ್ತೆ ಶುರು ಮಾಡಬೇಡ. ನಿನ್ನನ್ನು ಕರೆಯುತ್ತಿರುವುದು ಹಗ್ಗ ಹಿಡಿಯುವುದಕ್ಕಲ್ಲ. ಬಂಡೆಯ ಬುಡದಲ್ಲಿ, ಹಿಂದಿರುವ ಮರಕ್ಕೆ ನನ್ನನ್ನು ಕಟ್ಟಿಕೊಂಡು, ಕೂತೇ ಹಗ್ಗ ನಾನು ಹಿಡಿಯುತ್ತೇನೆ, ಹತ್ತುವವಳು ನೀನು. ನನ್ನ ಹತ್ತುವಿಕೆ ಮುಗಿಯಿತು. ನೀನೂ ಬಿಟ್ಟುಬಿಟ್ಟರೆ ನನಗೆ ಏನು ಉಳಿಯಿತು, ಹೇಳು?