ಕನ್ನಡಿಯ ಹಿಂದೆ

ಮಾರ್ಚ್ ೧೪, ಬೆಲ್‌ವ್ಯೂ

ಆ ಹೆಂಗಸಿನ ಮುಖ ಕಣ್ಣಿಂದ ಹೋಗುತ್ತಿಲ್ಲ.

ಕಂಪ್ಯೂಟರ್ ಪರದೆಯ ಮೇಲೆ ಮೂಡಿದ್ದನ್ನೆಲ್ಲ, ಆಮೇಲೆ ಅಳಿಸಿದ್ದನ್ನೂ, ನೆನಪಿಟ್ಟುಕೊಳ್ಳುವ ನಮ್ಮ ಹೊಸ ಸೌಲಭ್ಯ ಜನಕ್ಕೆ ಹಿಡಿಸುತ್ತದೆಯೇ ಎಂದು ತಿಂಗಳುಗಟ್ಟಲೆ ವಾದಿಸಿದ್ದೇವೆ. ಪರೀಕ್ಷೆಗೆಂದು ಮನೆಗೆ ಒಯ್ದಿದ್ದ ಕಂಪ್ಯೂಟರನ್ನು ಮಿಸೆಸ್ ಲಿಂಡ್‌ಕ್ವಿಸ್ಟ್ ಇಂದು ಮರಳಿಸಲು ಬಂದರು. ಈ ನಡುವೆ ಅವರ ಗಂಡ ತೀರಿಕೊಂಡಿದ್ದರು. ನಮ್ಮ ಕಡೆಯಿಂದ ಮಾತ್ರ ಕಾಣುವ ಕನ್ನಡಿಯ ಹಿಂದೆ ಸಹೋದ್ಯೋಗಿ ಗ್ಯಾರೆಟ್ ಮತ್ತು ನಾನು, ಆಕೆ ಅಳುತ್ತಾರೋ ಇಲ್ಲವೋ ಎಂದು ಡೋನಟ್ ಪಂದ್ಯ ಕಟ್ಟಿ, ಎಂದಿನಂತೆ ಕೂತಿದ್ದೆವು. ಕೊಡುವ ಮುನ್ನ ಆಕೆ ಅದರಲ್ಲಿ ಗಂಡನ ಹೆಸರು ಹುಡುಕಿದರು. ಆತ ಬರೆದು ಅಳಿಸಿದ್ದ ಪತ್ರವೊಂದು ತೆರೆದುಕೊಂಡಿತು: ‘ಇಂಗ್ರಿಡ್, ಡಾಕ್ಟರು ಹೇಳಿದ್ದನ್ನು ನಿನ್ನಿಂದ ಮುಚ್ಚಿಟ್ಟೆ.’

‘ಅತ್ತೇಬಿಟ್ರಲ್ಲೋ! ಗೆದ್ದೆ ನಾನು. ನಾಳೆ ಡೋನಟ್ ನಿಂದೇ ಕಣಯ್ಯಾ,’ ಅಂದ ಗ್ಯಾರೆಟ್.

ಆಕೆ ಎದ್ದು ಕನ್ನಡಿಯ ಹತ್ತಿರ ಬಂದರು. ‘ಒಳಗಿದೀರಲ್ಲಾ, ಕೇಳಿಸ್ತಿದ್ಯಾ? ಇದನ್ನ ಅಳಿಸ್ಬೇಡಿ. ನಾನಿನ್ನೂ ಪೂರ್ತಿ ಓದಿಲ್ಲ.’

ಕನ್ನಡಿಯ ಹಿಂದಿರುವವರು ಉಸಿರೆತ್ತಬಾರದು, ಮರಳಿ ಬಂದ ಯಂತ್ರವನ್ನು ಅಂದೇ ಖಾಲಿ ಮಾಡಬೇಕು. ಎರಡೂ ನಾನೇ ಬರೆದ ನಿಯಮಗಳು. ಸುಮ್ಮನೆ ಕೂತೆ. ಐದು ಗಂಟೆಗೆ ಖಾಲಿ ಮಾಡಿದೆ.

ವರದಿಯಲ್ಲಿ ಇರುವುದು ಎರಡೇ ಚೌಕ: ಹಿಡಿಸಿತು, ಹಿಡಿಸಲಿಲ್ಲ. ಇನ್ನೂ ಯಾವುದಕ್ಕೂ ಗುರುತು ಹಾಕಿಲ್ಲ.

ಈಗ ಹಲ್ಲುಜ್ಜಲು ಬಚ್ಚಲ ಕನ್ನಡಿಯ ಮುಂದೆ ನಿಂತಾಗ, ಅದರ ಹಿಂದೆ ಯಾರೋ ಉಸಿರು ಬಿಗಿಹಿಡಿದು ಕೂತಿದ್ದಾರೆ ಅನಿಸಿತು. ದೀಪ ಆರಿಸಿ ಬಂದೆ.