ಅತ್ತಿಗೆಯ ಮಾತ್ರೆ

ಬೊಂಬಾಯಿ, 12-8-1984

ಅತ್ತಿಗೆಗೆ ಶಿವಲಕ್ಷ್ಮಿಯ ನಮಸ್ಕಾರ. ಕಲ್ಯಾಣದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ನಿಮ್ಮ ಕಬ್ಬಿಣದ ಮಾತ್ರೆ ನನ್ನ ಕೈಗಿಟ್ಟು, "ದಿನಾ ನುಂಗ್ತಾ ಇದೀನಿ, ಸುಸ್ತು ಹೋಗ್ಲಿಲ್ಲ. ಇದ್ರಾಗೆ ಏನೈತೋ ನೋಡ್ಬುಡಮ್ಮ" ಅಂದಿರಲ್ಲ, ನೋಡಿದೆ. ನಮ್ಮ ಲ್ಯಾಬಿನ ಯಂತ್ರ ಕಬ್ಬಿಣದೊಳಗೆ ಗಾಮಾ ಕಿರಣ ಹಾಯಿಸಿ ಕಾಗದದ ಮೇಲೆ ಗೆರೆ ಎಳೆಯುತ್ತದೆ. ಮೈಗೆ ಹತ್ತುವ ಕಬ್ಬಿಣವಾದರೆ ಗೆರೆಯಲ್ಲಿ ಎರಡು ಗುಂಡಿ ದೂರದೂರ ಬೀಳುತ್ತವೆ. ನಿಮ್ಮ ಮಾತ್ರೆಯವು ಹತ್ತಿರ ಹತ್ತಿರ ಬಿದ್ದವು. ಅಂದರೆ ಗಾಳಿ, ತೇವ ತಾಗಿ ಅದು ಮುಕ್ಕಾಲು ಪಾಲು ತುಕ್ಕಿನಂತಾಗಿದೆ. ನುಂಗಿದರೂ ಅಷ್ಟಾಗಿ ಮೈಗೆ ಹತ್ತದು. "ನೀನು ನುಂಗ್ತಿಲ್ಲ ಕಣಮ್ಮ, ತಿಪ್ಪೆಗೆ ಎಸೀತೀಯ" ಎಂದು ಅಮ್ಮ ಬಯ್ದಾಗ ನೀವು ಒಲೆಯ ಮುಂದೆ ಕಣ್ಣೊರೆಸಿಕೊಂಡಿರಿ. ತಪ್ಪು ನಿಮ್ಮದಲ್ಲ, ಮುಚ್ಚಳವಿಲ್ಲದ ಬಾಟಲಿಯದು. ಆ ಗೆರೆ ಕಂಡ ಖುಷಿಗೆ ಇವತ್ತು ಮೆಸ್ಸಿನಲ್ಲಿ ಎರಡು ಸಲ ಅನ್ನ ಹಾಕಿಸಿಕೊಂಡೆ. ಅಣ್ಣ ಹಿಂದೂಪುರಕ್ಕೆ ಹೋದಾಗ ಡಾಕ್ಟರನ್ನು ಕೇಳಿ ಹೊಸ ಬಾಟಲಿ ತರಲಿ, ಮುಚ್ಚಳ ಬಿಗಿಯಾಗಿ ಹಾಕಿಡಿ. ನಾನು ಆರಾಮಾಗಿದ್ದೇನೆ. ಅಂಟಿಸಿ ಮುಚ್ಚುವ ಇನ್‌ಲ್ಯಾಂಡ್ ಕಾಗದ ಕೈಯಲ್ಲೇ ಇತ್ತು, ಆದರೂ ಬೇಕೆಂದೇ ಈ ಪೋಸ್ಟ್ ಕಾರ್ಡಿನಲ್ಲಿ ಬರೆದೆ. ಅಂಚೆಯವನಿಂದ ಹಿಡಿದು ಅಮ್ಮನವರೆಗೆ ಎಲ್ಲರೂ ಓದಲಿ.

ನಿಮ್ಮ ನಾದಿನಿ,
ಶಿವಲಕ್ಷ್ಮಿ